ಎದುರು ಮೇಜಿನ ಉಂಗುರಗಳು

ಚರಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಚರಕ್.

ಕೆಳಗಿನ ಸೈಕಲ್ ಅಂಗಡಿಯಲ್ಲಿ ಬೆಳಗಿನ ಮೊದಲ ಚಕ್ರ ತಿರುಗುತ್ತಿತ್ತು. ಬೆಂಡಾದ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣದ ತುಂಡು ಹಿಡಿದು ತಿರುಗಿಸಿದರೆ, ಬಾಗಿದ ಜಾಗ ಬಂದಾಗಲೆಲ್ಲ ಅದು ಸುಣ್ಣವನ್ನು ಸವರಿಕೊಂಡು ಹೋಗುತ್ತದೆ. ಮೇಲಿನ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ, ಕಿಟಕಿಯ ಬಳಿ ನಿಂತು ಕಾಫಿ ಕುಡಿಯುತ್ತಿದ್ದ ಉಂಗುರದಕ್ಕ, ಆ ಸದ್ದುಗಳ ನಡುವಿನ ಮೌನ ಉದ್ದವಾಗುತ್ತ ಹೋಗುವುದನ್ನು ಕೇಳುತ್ತಿದ್ದಳು. ಸದ್ದು ಪೂರ್ತಿ ನಿಲ್ಲುವ ಹೊತ್ತಿಗೆ ಚಕ್ರವೂ ಸರಿಯಾಗಿರುತ್ತಿತ್ತು, ಲೋಟವೂ ಖಾಲಿಯಾಗಿರುತ್ತಿತ್ತು. ಲೋಟ ತೊಳೆದು ಬೋರಲು ಹಾಕಿ ಆಕೆ ಕೆಳಗಿಳಿಯುತ್ತಿದ್ದಳು.

"ಅಕ್ಕಾ, ಇವತ್ತು ಎಷ್ಟು ಉಂಗುರ?" ಸೈಕಲ್ ಅಂಗಡಿಯವನು ದಿನವೂ ಕೇಳುತ್ತಿದ್ದ.

"ಮಾಡಿದ ಮೇಲೆ ಗೊತ್ತಾಗುತ್ತೆ."

"ಒಂದಾದ್ರೂ ಬೆರಳಿಗೆ ಹಾಕ್ಕೊಳ್ಳೋ ಹಾಗೆ ಮಾಡ್ಕೊಳ್ಳಬಾರದಾ?"

"ಅಷ್ಟು ದಪ್ಪ ಬೆರಳು ಎಲ್ಲಿಂದ ತರ್ಲಪ್ಪಾ?"

ಅವನು ನಗುತ್ತಿದ್ದ. ಆಕೆಯೂ ನಗುತ್ತಿದ್ದಳು. ಎಷ್ಟೋ ದಿನ, ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವ ತನಕ, ಕೆಲಸದ ಮಾತು ಬಿಟ್ಟು ಆಕೆ ಆಡಿದ ಮಾತು ಅಷ್ಟೇ ಆಗಿರುತ್ತಿತ್ತು.

ಉಂಗುರದಕ್ಕ ಎನ್ನುವುದು ಕಚೇರಿಯಲ್ಲಿ ಅಂಟಿದ ಅಡ್ಡಹೆಸರು. ಊರಂಚಿನ ರೇಡಿಯೋ ದೂರದರ್ಶಕ ಕೇಂದ್ರದಲ್ಲಿ ಆಕೆಯ ಕೆಲಸ ಗ್ಯಾಲಕ್ಸಿಗಳ ಮಾದರಿ ಕಟ್ಟುವುದು. ಒಂದು ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಮುಗಿದ ಮೇಲೂ ಹೈಡ್ರೋಜನ್ ಅನಿಲ ಮುಗಿಯುವುದಿಲ್ಲ. ಕಣ್ಣಿಗೆ ಕಾಣದ ಹಾಗೆ, ತೆಳ್ಳಗೆ, ತಟ್ಟೆಯಂತೆ ಹರಡಿಕೊಂಡು ಬಹುದೂರದವರೆಗೆ ತಿರುಗುತ್ತಿರುತ್ತದೆ. ಅದು ಹೊರಡಿಸುವ ಕ್ಷೀಣವಾದ ರೇಡಿಯೋ ಅಲೆಯನ್ನು ದೂರದರ್ಶಕ ಹಿಡಿಯುತ್ತದೆ. ನಮ್ಮತ್ತ ಬರುತ್ತಿರುವ ಅನಿಲಕ್ಕೆ ನೀಲಿ, ನಮ್ಮಿಂದ ದೂರ ಸರಿಯುತ್ತಿರುವುದಕ್ಕೆ ಕೆಂಪು ಎಂದು ಕಂಪ್ಯೂಟರ್ ಬಣ್ಣ ಹಚ್ಚಿಕೊಡುತ್ತದೆ. ಆಕೆಯ ಸಾಫ್ಟ್‌ವೇರ್ ಆ ತಟ್ಟೆಯನ್ನು ಒಂದರೊಳಗೊಂದು ಕೂತ ಉಂಗುರಗಳೆಂದು ಭಾವಿಸುತ್ತದೆ. ಪ್ರತಿ ಉಂಗುರಕ್ಕೂ ಒಂದು ವೇಗ, ಒಂದು ವಾಲಿಕೆ, ಒಂದು ತಿರುಚು. ಅವನ್ನೆಲ್ಲ ಜೋಡಿಸಿ ಒಂದು ಸುಳ್ಳು ಗ್ಯಾಲಕ್ಸಿ ಮಾಡಿ, ನಿಜದ ಗ್ಯಾಲಕ್ಸಿಯ ಪಕ್ಕ ಇಟ್ಟು, ಎಲ್ಲಿ ಹೊಂದಲಿಲ್ಲ ಎಂದು ನೋಡಬೇಕು. ಮತ್ತೆ ತಿದ್ದಬೇಕು. ಮತ್ತೆ ಇಟ್ಟು ನೋಡಬೇಕು.

ಈ ಕೆಲಸಕ್ಕೆ ಆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಗ್ಯಾಲಕ್ಸಿಯನ್ನೂ ಇಬ್ಬರು, ಒಬ್ಬರಿಗೊಬ್ಬರು ಹೇಳದೆ, ಬೇರೆ ಬೇರೆಯಾಗಿ ಕಟ್ಟಬೇಕು. ಮೊದಲ ಕೈ, ಎರಡನೆಯ ಕೈ ಎನ್ನುತ್ತಿದ್ದರು. ಸಾಫ್ಟ್‌ವೇರಿಗೆ ಆರಂಭದ ಊಹೆಯನ್ನು ಮನುಷ್ಯರೇ ಕೊಡಬೇಕಾದ್ದರಿಂದ, ಊಹೆ ತಪ್ಪಿದರೆ ಅದು ತಪ್ಪು ದಾರಿಯಲ್ಲೇ ವಿಧೇಯವಾಗಿ ಕೊನೆಯವರೆಗೆ ನಡೆದುಬಿಡುತ್ತದೆ. ಆದ್ದರಿಂದ ಎರಡು ಕೈ. ಎರಡೂ ಹೊಂದಿದರೆ ಕೇಂದ್ರ ಪ್ರಕಟಿಸುವ ಕ್ಯಾಟಲಾಗಿಗೆ. ಹೊಂದದಿದ್ದರೆ ಇಬ್ಬರೂ ಕೂತು ಜಗಳವಾಡಬೇಕು.

ಎರಡನೆಯ ಕೈ, ಆಕೆಯ ಎದುರು ಮೇಜಿನ ಸರ್. ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯರು. ಆಕೆ ಒಳಗಿನ ಉಂಗುರದಿಂದ ಹೊರಕ್ಕೆ ಕಟ್ಟುತ್ತ ಹೋದರೆ ಅವರು ಹೊರಗಿನ ಉಂಗುರದಿಂದ ಒಳಕ್ಕೆ ಬರುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಎಂದು ಕಚೇರಿಯವರು ನಗುತ್ತಿದ್ದರು. ಹೊರ ಉಂಗುರಗಳು ಬಾಗಿವೆ ಎಂದು ಆಕೆ, ಇಲ್ಲ ತಟ್ಟೆ ಸಮವಾಗಿಯೇ ಇದೆ ಎಂದು ಅವರು. ಜಗಳ ವಾರಗಟ್ಟಲೆ ಎಳೆಯುತ್ತಿತ್ತು. ನಡುವೆ ಸರ್ ಮಾತು ಬಿಡುತ್ತಿದ್ದರು. ಆಮೇಲೊಂದು ಮಧ್ಯಾಹ್ನ, ಪರದೆಯಿಂದ ತಲೆ ಎತ್ತದೆ, "ನಿನ್ನ ಆರನೇ ಉಂಗುರ ಮಾತ್ರ ಒಪ್ಕೊಂಡಿದೀನಿ, ಏಳನೇದು ಇಲ್ಲ" ಎನ್ನುತ್ತಿದ್ದರು. ಹೊಂದಾಣಿಕೆಯಾದ ದಿನ ಗ್ಯಾಲಕ್ಸಿಗೆ ಅವರೇ ಒಂದು ಹೆಸರಿಡುತ್ತಿದ್ದರು. ಕ್ಯಾಟಲಾಗಿನಲ್ಲಿ ಅದಕ್ಕೆ ಬರೀ ಸಂಖ್ಯೆ. ಅವರಿಬ್ಬರ ನಡುವೆ ಮಾತ್ರ ಹರಕು ಛತ್ರಿ, ಕುಂಟು ಮಂಚ, ಹೆಡ್ ಸಾಹೇಬರ ಟೋಪಿ.

ಆಮೇಲೆ ಸರ್ ಅವರ ಕಣ್ಣು ಹೋಯಿತು. ಪೂರ್ತಿ ಅಲ್ಲ, ನಡುವಿನ ನೋಟ. ಅವರು ಕೆಲಸ ಬಿಟ್ಟು ಮಗಳ ಮನೆ ಸೇರಿದರು. ಆ ಜಾಗಕ್ಕೆ ಬೇರೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

"ಎರಡನೇ ಕೈನೂ ಸದ್ಯಕ್ಕೆ ನೀವೇ ನೋಡ್ಕೊಂಡುಬಿಡಿ" ಎಂದರು ವಿಭಾಗದ ಹೆಡ್. "ಹೇಗೂ ಸಾಫ್ಟ್‌ವೇರೇ ತಾನೇ ಮಾಡೋದು. ಆ ಮೇಜು ಎತ್ತಿಸಿ ಅಲ್ಲಿ ಪ್ರಿಂಟರ್ ಇಡಿಸ್ತೀನಿ."

"ಮೇಜು ಇರ್ಲಿ ಸರ್. ಎರಡನೇ ಕೈ ಕೆಲಸ ಅಲ್ಲೇ ಕೂತು ಮಾಡ್ತೀನಿ."

ಹೆಡ್ ಭುಜ ಕುಣಿಸಿ ಹೋದರು. ಮೇಜು ಉಳಿಯಿತು.

ಅಂದಿನಿಂದ ಆಕೆ ಬೆಳಿಗ್ಗೆ ತನ್ನ ಮೇಜಿನಲ್ಲಿ ಕೂತು ಒಳಗಿನಿಂದ ಹೊರಕ್ಕೆ ಕಟ್ಟುತ್ತಿದ್ದಳು. ಊಟದ ನಂತರ ಸರ್ ಅವರ ಕುರ್ಚಿಗೆ ಹೋಗುತ್ತಿದ್ದಳು. ಕುರ್ಚಿಯ ಮೇಲೆ ಅವರ ಚಪ್ಪಟೆಯಾದ ದಿಂಬು ಹಾಗೇ ಇತ್ತು. ಅಲ್ಲಿ ಕೂತು ಹೊರಗಿನಿಂದ ಒಳಕ್ಕೆ ಬರುತ್ತಿದ್ದಳು, ತಟ್ಟೆ ಸಮವಾಗಿದೆ ಎಂದು ಹಟ ಹಿಡಿಯುತ್ತಿದ್ದಳು. ಅವರಂತೆಯೇ ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳುತ್ತಿದ್ದಳು. ಸಂಜೆ ಎರಡು ಮಾದರಿಗಳನ್ನೂ ಅಕ್ಕಪಕ್ಕ ಇಟ್ಟು, ಮನಸ್ಸಿನಲ್ಲೇ ಅವರೊಂದಿಗೆ ವಾದ ಮಾಡಿ, ಒಪ್ಪಂದಕ್ಕೆ ಬರುತ್ತಿದ್ದಳು. ಕ್ಯಾಟಲಾಗಿನಲ್ಲಿ ಆ ಗ್ಯಾಲಕ್ಸಿಯ ಮುಂದೆ 'ಎರಡು ಕೈ' ಎಂದು ನಮೂದಾಗುತ್ತಿತ್ತು. ಇದು ಮುಚ್ಚಿಟ್ಟ ವಿಷಯವೇನಲ್ಲ. ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು, ಯಾರೂ ಕೇಳಲಿಲ್ಲ ಅಷ್ಟೇ.

ಒಂದೇ ಒಂದು ವಿಷಯ ಆಕೆಗೆ ಚುಚ್ಚುತ್ತಿತ್ತು. ಜಗಳಗಳು ಬೇಗ ಮುಗಿಯುತ್ತಿದ್ದವು. ಮುಂಚೆ ವಾರ ಹಿಡಿಯುತ್ತಿದ್ದದ್ದು ಈಗ ಬಸ್ಸು ಬರುವುದರೊಳಗೆ ಬಗೆಹರಿಯುತ್ತಿತ್ತು.

ಕ್ಯಾಟಲಾಗ್ ಮುಗಿಯಲು ಬಂದಾಗ ಕೊನೆಯ ಗ್ಯಾಲಕ್ಸಿ ಎದುರಾಯಿತು. ಕೆಂಪು ನೀಲಿಗಳ ನಡುವಿನ ಬಿಳಿಯ ಗೆರೆ ಅದರಲ್ಲಿ ನೇರವಾಗಿರಲಿಲ್ಲ, ಹಾವಿನಂತೆ ಹೊರಳಿತ್ತು. ಬೆಳಿಗ್ಗೆ ಕಟ್ಟಿದಾಗ, ತಟ್ಟೆಯ ಅಂಚು ಬಾಗಿದೆ, ಹ್ಯಾಟಿನ ಅಂಚಿನ ಹಾಗೆ, ಎಂದು ಬಂತು. ಮಧ್ಯಾಹ್ನ ಸರ್ ಅವರ ಕುರ್ಚಿಯಲ್ಲಿ ಕೂತು ಕಟ್ಟಿದಾಗ, ತಟ್ಟೆ ಸಮವಾಗಿಯೇ ಇದೆ, ಆದರೆ ಅನಿಲ ತಿರುಗುತ್ತಲೇ ಮೆಲ್ಲಗೆ ನಡುವಿನತ್ತ ಜಾರುತ್ತಿದೆ ಎಂದು ಬಂತು. ಎರಡೂ ನಿಜದ ಚಿತ್ರಕ್ಕೆ ಅಷ್ಟೇ ಚೆನ್ನಾಗಿ ಹೊಂದಿದವು. ಒಂದನ್ನು ಸರಿ ಎಂದರೆ ಇನ್ನೊಂದು ಸುಳ್ಳು. ಆಕೆ ಕುರ್ಚಿಯಿಂದ ಕುರ್ಚಿಗೆ ಹೋಗಿ ಬಂದು ಸುಸ್ತಾದಳು. ಈ ಸಲ ಮನಸ್ಸಿನೊಳಗಿನ ಸರ್ ಸೋಲಲಿಲ್ಲ. ಆಕೆಯೂ ಬಿಡಲಿಲ್ಲ.

"ಇನ್ನೂ ಒಂದು ಉಳಿದಿದೆಯಂತೆ?" ಹೆಡ್ ಬಾಗಿಲಲ್ಲಿ ನಿಂತು ಕೇಳಿದರು.

"ಎರಡು ಕೈ ಹೊಂದ್ತಾ ಇಲ್ಲ ಸರ್."

"ಎರಡೂ ನಿಮ್ಮದೇ ಕೈ ಅಲ್ವಾ! ಒಳ್ಳೆ ಕತೆ ಆಯ್ತಲ್ಲ. ಎರಡ್ರಲ್ಲಿ ಒಂದು ಇಟ್ಟು ಮುಗಿಸಿ. ಮುಂದಿನ ವಾರ ಕಳಿಸ್ಲೇಬೇಕು."

ಹೇಳಿ ಹೋದರು. ಎರಡೂ ನಿಮ್ಮದೇ ಕೈ ಎಂಬ ಮಾತು ಮಾತ್ರ ಕೋಣೆಯಲ್ಲೇ ಉಳಿಯಿತು.

ಅವತ್ತು ರಾತ್ರಿ ಮನೆಯಲ್ಲಿದ್ದಾಗ ತಂಗಿಯ ಫೋನ್ ಬಂತು. ಸಂಸಾರಸ್ಥೆ, ದೂರದ ಊರಿನಲ್ಲಿದ್ದಳು. ಮಾತಿನ ಹಿಂದೆ ಕುಕ್ಕರ್ ಕೂಗು, ಮಕ್ಕಳ ಜಗಳ ಎಲ್ಲ ಕೇಳಿಸುತ್ತಿತ್ತು.

"ನಿನ್ನ ಧ್ವನಿ ಯಾಕೆ ಹೀಗಿದೆ? ಯಾರ ಜೊತೆ ಜಗಳ ಆಡ್ದೆ?"

"ಆಡೋಕೆ ಯಾರಿದಾರೆ?"

"ಅಯ್ಯೋ, ನಂ ಮನೆಗೆ ಬಾ, ಬೇಕಾದಷ್ಟಿದೆ, ಒಂದೆರಡು ಪಾರ್ಸಲ್ ತಗೊಂಡು ಹೋಗು." ತಂಗಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಇಡೀ ಆಯುಸ್ಸು ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡೆಯಲ್ಲೇ" ಎಂದಳು.

"ಗಾಳಿ ಅಲ್ಲ, ಹೈಡ್ರೋಜನ್."

"ಎಲ್ಲಾ ಒಂದೇ. ಊಟ ಮಾಡಿದ್ಯಾ?"

ಫೋನ್ ಇಟ್ಟ ಮೇಲೆ ಆಕೆ ಹಳೆಯ ಕ್ಯಾಲೆಂಡರುಗಳ ದಪ್ಪ ರಟ್ಟು ತೆಗೆದು, ಕತ್ತರಿ ಹಿಡಿದು ಕೂತಳು. ಉಂಗುರಗಳನ್ನು ಕತ್ತರಿಸಿ ತೆಳು ತಂತಿಗೆ ಪೋಣಿಸಿ ಎರಡು ತಟ್ಟೆ ಮಾಡಿದಳು. ಒಂದರಲ್ಲಿ ಹೊರಗಿನ ಉಂಗುರಗಳನ್ನು ಮಾದರಿಯಲ್ಲಿ ಬಂದಷ್ಟೇ ಬಾಗಿಸಿದಳು. ಇನ್ನೊಂದರಲ್ಲಿ ಎಲ್ಲವನ್ನೂ ಸಮ ಮಾಡಿ, ನಡುವಿನತ್ತ ಜಾರುವ ಅನಿಲಕ್ಕೆಂದು ಒಳಮುಖವಾಗಿ ನೂಲಿನ ತುಂಡುಗಳನ್ನು ಅಂಟಿಸಿದಳು. ಸರ್ ಅವರ ಕಣ್ಣಿಗಾಗದಿದ್ದರೆ ಬೆರಳಿಗಾದರೂ ಆದೀತು. ಸರ್ ಹೋದ ಮೇಲೆ ಆಕೆ ಅವರನ್ನು ನೋಡಲು ಹೋಗಿರಲಿಲ್ಲ. ಹೋಗಲು ಒಂದು ಕಾರಣ ಬೇಕು ಎಂದು ಕಾಯುತ್ತಿದ್ದಳೋ ಏನೋ.

ಭಾನುವಾರ ಎರಡನ್ನೂ ಶೂ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಹೋದಳು. ಸರ್ ಅವರ ಮಗಳು ದಂತವೈದ್ಯೆ. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್. ಬೆಂಚಿನಲ್ಲಿ ಕೆನ್ನೆ ಹಿಡಿದು ಕೂತವರ ಸಾಲಿನಲ್ಲಿ ಉಂಗುರದಕ್ಕನೂ ಕೂತಳು.

"ಯಾವ ಹಲ್ಲು?" ಮಗಳು ಹೊರಗೆ ಬಂದು ಕೇಳಿದಳು.

"ಹಲ್ಲಲ್ಲಮ್ಮಾ. ಸರ್ ಇದಾರಾ?"

ಮಗಳು ಡಬ್ಬಿ ನೋಡಿದಳು, ಮುಖ ನೋಡಿದಳು. "ಅಯ್ಯೋ, ಉಂಗುರದ ಆಂಟಿ ಅಲ್ವಾ ನೀವು! ಒಳಗೆ ಬರೋದಲ್ವಾ, ಇಲ್ಲಿ ಕೂತಿದೀರಲ್ಲ." ಆಮೇಲೆ ಮೆಲ್ಲಗೆ, "ಅಪ್ಪ ಈಗೀಗ ಸ್ವಲ್ಪ ಸಮಾಧಾನವಾಗಿದಾರೆ. ಆಫೀಸಿನ ಮಾತು ಮಾತ್ರ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ಹಿಂದಿನ ಕೋಣೆಯಲ್ಲಿ ಸರ್ ಕಿಟಕಿಗೆ ಪಕ್ಕವಾಗಿ ಕೂತಿದ್ದರು.

"ಬಾ ಬಾ. ನಡಿಗೆ ಸದ್ದಲ್ಲೇ ಗೊತ್ತಾಯ್ತು. ಇನ್ನೂ ಅದೇ ಚಪ್ಪಲೀನಾ?"

"ಹೊಸದು ಸರ್."

"ಹಾಗಾದ್ರೆ ನಡಿಗೆ ಹಳೇದು." ಅವರು ಮುಖವನ್ನು ಆಕೆಯಿಂದ ಸ್ವಲ್ಪ ಆಚೆಗೆ ತಿರುಗಿಸಿದರು. "ತಪ್ಪು ತಿಳ್ಕೋಬೇಡ. ನೇರ ನೋಡಿದ್ರೆ ನೀನು ಕಾಣಲ್ಲ, ಪಕ್ಕಕ್ಕೆ ನೋಡಿದ್ರೆ ಸ್ವಲ್ಪ ಕಾಣ್ತೀಯ. ನಡುವೆ ಏನೂ ಇಲ್ಲ, ಸುತ್ತ ಮಾತ್ರ. ಹೊರಗಿಂದ ಶುರು ಮಾಡೋ ಚಾಳಿ ಕಣ್ಣಿಗೂ ಅಂಟಿಬಿಡ್ತು ನೋಡು."

ಆಕೆ ನಗಲು ನೋಡಿದಳು. ಗ್ಯಾಲಕ್ಸಿಯ ವಿಷಯ ಹೇಳಿದಳು. ಡಬ್ಬಿ ತೆರೆದು ರಟ್ಟಿನ ತಟ್ಟೆಗಳನ್ನು ಒಂದೊಂದಾಗಿ ಅವರ ಕೈಗೆ ಕೊಟ್ಟಳು. ಸರ್ ಬಾಗಿದ್ದನ್ನು ಮುಟ್ಟಿ ನೋಡಿದರು. ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದರು.

"ಇದು ನೀನು. ಹೇಳೋದೇ ಬೇಡ." ಇನ್ನೊಂದನ್ನು ತೆಗೆದುಕೊಂಡರು. ನೂಲಿನ ತುಂಡುಗಳ ಮೇಲೆ ಬೆರಳು ನಿಂತಿತು. "ಇದು ಯಾರು?"

"ಅದು ನೀವು ಸರ್."

"ನಾನು ಮಾಡಿಲ್ವಲ್ಲ."

"ನಿಮ್ಮ ಜಾಗದಲ್ಲಿ ಕೂತು ನಾನೇ ಮಾಡಿದ್ದು. ನೀವು ಹೋದಾಗಿಂದ ಎಲ್ಲಾನೂ ಹಾಗೇ. ಹೊರಗಿಂದ ಒಳಕ್ಕೆ, ಸಮ ಇಟ್ಕೊಂಡು, ನೀವು ಮಾಡ್ತಿದ್ದ ಹಾಗೇ."

ಮುಂದಿನ ಕೋಣೆಯಲ್ಲಿ ಹಲ್ಲು ಕೊರೆಯುವ ಯಂತ್ರ ಶುರುವಾಗಿ ನಿಂತಿತು. ಸರ್ ನೂಲಿನ ತುಂಡೊಂದನ್ನು ಬೆರಳಿನಿಂದ ಒಳಕ್ಕೂ ಹೊರಕ್ಕೂ ಸವರಿದರು.

"ಸಮ ಅಂತ ನಾನು ನಂಬಿದ್ದೆ ಅಂದ್ಕೊಂಡಿದ್ಯಾ?"

"ಇಷ್ಟು ವರ್ಷ ಅದನ್ನೇ ತಾನೇ ಹೇಳಿದ್ದು ನೀವು."

"ನಿಂಗೆ ಎಲ್ಲಾನೂ ಬಾಗಿದಂಗೇ ಕಾಣುತ್ತೆ ಅಂತ ಮೊದಲೇ ಗೊತ್ತಿತ್ತಲ್ಲಮ್ಮಾ. ಅದಕ್ಕೇ ನಾನು ಸಮ ಹಿಡ್ಕೊಂಡು ಹೊರಡ್ತಿದ್ದೆ. ಎಲ್ಲಿ ತನಕ ನಿಲ್ಲುತ್ತೆ ನೋಡೋಣ ಅಂತ. ನಿಲ್ಲದೇ ಹೋದ್ರೆ ಬಿಟ್ಟುಕೊಡ್ತಿದ್ದೆ. ಎಷ್ಟು ಸಲ ಬಿಟ್ಟುಕೊಟ್ಟಿಲ್ಲ, ನೆನಪು ಮಾಡ್ಕೋ." ಅವರು ತಟ್ಟೆಯನ್ನು ಅಲ್ಲಾಡಿಸಿದರು. "ಇವನು ಯಾರೋ ಹಟಮಾರಿ ಮುದುಕ. ಸೋಲೋಕೇ ಬರಲ್ಲ ಇವನಿಗೆ. ಇವನು ನಾನಲ್ಲ."

ತಟ್ಟೆ ತೆಗೆದುಕೊಳ್ಳಲು ಆಕೆ ಕೈ ಚಾಚಿದಳು, ಅವರು ಬಿಡಲಿಲ್ಲ.

"ಹೆಸರಿಟ್ಟಿದ್ದೀಯಾ ಈ ಗ್ಯಾಲಕ್ಸಿಗೆ?"

"ಇಲ್ಲ ಸರ್."

"ನಾನು ಕೆಲಸ ಬಿಟ್ಟು ಬಂದ ಮೇಲೆ ಯಾವುದಕ್ಕಾದ್ರೂ ಇಟ್ಯಾ?"

ಇಟ್ಟಿರಲಿಲ್ಲ. ಅವರ ಊಹೆ, ಅವರ ಹಟ, ಅವರ ದೊಡ್ಡ ಅಕ್ಷರ, ಎಲ್ಲವನ್ನೂ ಆಕೆ ಮಾಡಿದ್ದಳು. ಹೆಸರಿಡುವುದು ಮಾತ್ರ ಒಂದು ಸಲವೂ ಹೊಳೆದಿರಲಿಲ್ಲ. ಆ ಎಲ್ಲ ಗ್ಯಾಲಕ್ಸಿಗಳೂ ಬರೀ ಸಂಖ್ಯೆಗಳಾಗಿ ಸಾಲಿನಲ್ಲಿ ನಿಂತಿದ್ದವು.

"ಒಂದೇ ಕೈಲಿ ಚಪ್ಪಾಳೆ ತಟ್ಟಿದ್ದೀಯ ಕಣೇ, ಸದ್ದೂ ಕೇಳಿಸ್ಕೊಂಡಿದ್ದೀಯ" ಎಂದರು ಸರ್. ಬೈಗುಳದ ದನಿಯಲ್ಲ ಅದು. ಎರಡೂ ತಟ್ಟೆಗಳನ್ನು ತಡವಿಕೊಂಡು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. "ಇವೆರಡ್ರಲ್ಲಿ ಯಾವುದು ಸರಿ ಅಂತ ಹೇಳೋಕೆ ನಂಗೆ ಚಿತ್ರ ಬೇಕು, ಕಣ್ಣು ಬೇಕು. ರಟ್ಟು ಮುಟ್ಟಿ ಹೇಳಿದ್ರೆ ನಾನೂ ನಾಟಕ ಆಡಿದಂಗೇ ಆಗುತ್ತೆ. ಬೇಡ."

"ಆಯ್ತು ಸರ್."

"ನೀನು ಬರ್ತಾ ಇರು. ಇದನ್ನ ತರಬೇಡ. ನೀನು ಹೋದ ಮೇಲೆ ನಾನು ಇದನ್ನೇ ಯೋಚನೆ ಮಾಡ್ತಾ ಕೂರ್ತೀನಿ, ನೋಡೋಕಾಗಲ್ಲ. ಅದು ಬಹಳ ಕಷ್ಟ."

ಮಗಳು ಎರಡು ಲೋಟ ಕಾಫಿ ತಂದಳು. ಉಂಗುರಗಳಿಲ್ಲದೆ ಮಾತಾಡಲು ಇಬ್ಬರೂ ಸ್ವಲ್ಪ ಪ್ರಯತ್ನಿಸಿದರು. ಬಸ್ಸು ರಶ್ಶಾ, ಎಂದು ಸರ್ ಕೇಳಿದರು. ಭಾನುವಾರ ಅಲ್ವಾ, ಇರಲಿಲ್ಲ, ಎಂದಳು ಆಕೆ. ಕಾಫಿ ಬಿಸಿ ಇದೆ, ಎಂದರು. ಹೌದು, ಎಂದಳು.

ಸೋಮವಾರ ಆಕೆ ಸರ್ ಅವರ ಕುರ್ಚಿಯಲ್ಲಿ ಕೂರಲಿಲ್ಲ. ತನ್ನ ಮೇಜಿನಿಂದಲೇ, ಅವರು ಹೋದ ನಂತರ ಕಟ್ಟಿದ ಪ್ರತಿ ಗ್ಯಾಲಕ್ಸಿಯ ಮುಂದಿದ್ದ 'ಎರಡು ಕೈ' ಎಂಬುದನ್ನು ಅಳಿಸಿ 'ಒಂದು ಕೈ' ಎಂದು ತಿದ್ದುತ್ತ ಬಂದಳು. ಮನಸ್ಸಿನಲ್ಲಿ ಬೇಗ ಮುಗಿದಿದ್ದ ಜಗಳಗಳೆಲ್ಲ ಒಂದೊಂದಾಗಿ ಎದುರು ಬಂದವು. ಕೊನೆಯದರ ಮುಂದೆ ಎರಡು ಮಾದರಿಗಳನ್ನೂ ಇಟ್ಟು, 'ತೀರ್ಮಾನವಾಗಿಲ್ಲ' ಎಂದು ಬರೆದಳು.

ಹೆಡ್ ಮಧ್ಯಾಹ್ನವೇ ಬಂದರು.

"ಏನಿದು? ಎರಡು ಕೈ ಅಂತ ಇರೋದಕ್ಕೇ ಹೊರಗಿನವರು ನಮ್ಮ ಕ್ಯಾಟಲಾಗ್ ನಂಬೋದು. ಹೀಗೆ ಬರೆದ್ರೆ ಇದನ್ನೆಲ್ಲ ಬೇರೆ ಪಟ್ಟಿಗೆ ಹಾಕ್ಬೇಕಾಗುತ್ತೆ."

"ಹಾಕಿ ಸರ್."

"ಮಾಡಿದ ಕೆಲಸ ಕಡಿಮೆ ಅಂತ ನೀವೇ ಹೇಳ್ಕೊಂಡ ಹಾಗೆ ಆಯ್ತಲ್ರೀ."

"ಕಡಿಮೆ ಅಲ್ಲ. ಒಬ್ಬಳದ್ದು ಅಂತ ಹೇಳ್ತಿದೀನಿ."

ಹೆಡ್ ಸ್ವಲ್ಪ ಹೊತ್ತು ಪರದೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಕಳಿಸಬೇಕಾದ ದಿನಾಂಕವಿತ್ತು. "ಸರಿ. ಇದನ್ನೆಲ್ಲ ಬೇರೆ ಕೇಂದ್ರಕ್ಕೆ ಕಳಿಸ್ತೀನಿ, ಅವರು ತಮ್ಮ ಸಾಫ್ಟ್‌ವೇರಲ್ಲಿ ಎರಡನೇ ಸಲ ಮಾಡಿಕೊಡ್ತಾರೆ" ಎಂದರು. ಬಾಗಿಲ ತನಕ ಹೋಗಿ ತಿರುಗಿದರು. "ಇಲ್ಲಿ ಎರಡನೇ ಕೈ ಇಲ್ಲ ಅಂತ ನೀವೇ ಬರೆದ ಮೇಲೆ, ಆ ಮೇಜು?"

ಈ ಪ್ರಶ್ನೆ ಬರುತ್ತದೆಂದು ಮೊದಲನೆಯ ಸಾಲನ್ನು ಅಳಿಸುವಾಗಲೇ ಆಕೆಗೆ ಗೊತ್ತಿತ್ತು.

"ತಗೊಂಡು ಹೋಗಿ ಸರ್" ಎಂದಳು.

ಇಬ್ಬರು ಬಂದು ಮೇಜನ್ನು ಅಡ್ಡ ಮಾಡಿ ಬಾಗಿಲಿನಿಂದ ಆಚೆ ಸಾಗಿಸಿದರು. ನೆಲದ ಮೇಲೆ ನಾಲ್ಕು ಕಾಲಿನ ಗುರುತು ಬೆಳ್ಳಗೆ ಉಳಿಯಿತು. ಪ್ರಿಂಟರ್ ಕೊನೆಗೂ ಅಲ್ಲಿಗೆ ಬರಲಿಲ್ಲ, ತಂತಿ ಸಾಲಲಿಲ್ಲವಂತೆ. ದಿಂಬನ್ನು ಆಕೆ ತನ್ನ ಚೀಲಕ್ಕೆ ಹಾಕಿಕೊಂಡಳು. ಆ ವಾರವೆಲ್ಲ ತಲೆ ಎತ್ತಿದಾಗ ಎದುರಿನ ಗೋಡೆ ಕಾಣುತ್ತಿತ್ತು. ಅದಕ್ಕೆ ತಿಳಿ ಹಸಿರು ಬಣ್ಣ ಬಳಿದಿದ್ದಾರೆಂದು ಇಷ್ಟು ವರ್ಷಗಳಲ್ಲಿ ಆಕೆ ಗಮನಿಸಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಚಕ್ರದ ಸದ್ದು ಪೂರ್ತಿ ನಿಲ್ಲುವ ಮೊದಲೇ ಆಕೆ ಕೆಳಗಿಳಿದಳು. ಕಂಕುಳಲ್ಲಿ ಚಪ್ಪಟೆ ದಿಂಬು ಮಾತ್ರ ಇತ್ತು. ಶೂ ಡಬ್ಬಿ ಮೇಲೆ, ಕಪಾಟಿನೊಳಗೆ ಉಳಿದಿತ್ತು.

ಸೈಕಲ್ ಅಂಗಡಿಯವನು ಸೀಮೆಸುಣ್ಣ ಹಿಡಿದೇ ತಲೆ ಎತ್ತಿದ. "ಅಕ್ಕಾ, ಭಾನುವಾರಾನೂ ಉಂಗುರದ ಕೆಲಸಾನಾ?"

"ಇಲ್ಲಪ್ಪ. ಇವತ್ತು ಉಂಗುರ ಇಲ್ಲ."

"ಮತ್ತೆ ದಿಂಬು ಎತ್ಕೊಂಡು ಹೊರಟಿದೀರಿ, ಬಸ್ಸಲ್ಲೇ ಮಲಗೋ ಪ್ಲಾನಾ?"

"ಒಬ್ಬರದ್ದು ನನ್ನ ಹತ್ರ ಉಳ್ಕೊಂಡಿತ್ತು, ಕೊಟ್ಟು ಬರ್ತೀನಿ. ಸ್ವಲ್ಪ ಹೊತ್ತು ಕೂತು ಮಾತಾಡ್ಕೊಂಡೂ ಬರೋಣ ಅಂತ."

"ಏನು ಮಾತು ಅಕ್ಕಾ, ಅಷ್ಟು ದೂರ ಹೋಗಿ ಆಡೋ ಅಂಥದ್ದು?"

ತಿರುವಿನಲ್ಲಿ ಬಸ್ಸು ಕಾಣಿಸಿತು. ಆಕೆ ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ರಸ್ತೆಗಿಳಿದು ಬೇಗಬೇಗ ಹೆಜ್ಜೆ ಹಾಕುತ್ತಲೇ ತಿರುಗಿ ಹೇಳಿದಳು, "ಅದೇ ನೋಡು, ದಾರಿಯಲ್ಲಿ ಯೋಚನೆ ಮಾಡ್ಕೊಳ್ಳೋಣ ಅಂತಿದೀನಿ, ಮೊದಲು ಆ ಕೊನೇ ಗ್ಯಾಲಕ್ಸಿಗೆ ಅವರನ್ನ ಒಂದು ಹೆಸರು ಕೇಳಿ, ಆಮೇಲೆ ಬಸ್ಸಿನ ಮಾತು, ಕಾಫಿ ಮಾತು, ಏನಾದ್ರೂ ಸರಿ."